ಚಿತ್ರ ಕಾಣದ ರೇಡಿಯೋದಲ್ಲಿ ಕಾಮಿಕ್ಸ್ ಮಾತು: ಅರ್ಧ ಗಂಟೆಯ ಕಾರ್ಯಕ್ರಮ ಕಟ್ಟುವ ಬಗೆ

ಸಮುದಾಯ ಬಾನುಲಿಯಲ್ಲಿ ಕಾಮಿಕ್ಸ್ ಮತ್ತು ಅವನ್ನು ಬರೆದವರ ಬಗ್ಗೆ ಮಾತುಕತೆ ನಡೆಸುತ್ತೇನೆ ಎಂದರೆ ಸಾಕು, ಕೇಳಿದವರಿಂದ ಎರಡೇ ಪ್ರಶ್ನೆ. ಮೊದಲನೆಯದು, ‘ರೇಡಿಯೋದಾಗ ಚಿತ್ರ ಹೆಂಗ್ ತೋರಸ್ತೀರ್ರೀ?’ ಎರಡನೆಯದು, ‘ನಮಗೂ ಮಾಡೋ ಆಸೆ ಐತಿ, ಎಲ್ಲಿಂದ ಶುರು ಮಾಡೂದು?’ ಹುಬ್ಬಳ್ಳಿಯ ಕಾಲೇಜು ಹುಡುಗರು, ಗದುಗಿನ ಚಿತ್ರಕಲಾ ಶಿಕ್ಷಕರು, ಹಾವೇರಿ ಕಡೆಯ ಒಬ್ಬ ಲೈಬ್ರರಿಯನ್, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬೇಕಾಗುವ ಸಾಮಾನು ಕಡಿಮೆ: ಧ್ವನಿ ಮುದ್ರಿಸುವ ಮೊಬೈಲು, ಸಾಧ್ಯವಿದ್ದರೆ ಒಂದು ಕಾಲರ್ ಮೈಕು, ಇಯರ್‌ಫೋನು, ಒಂದು ಪೆನ್‌ಡ್ರೈವ್, ಒಂದು ನೋಟ್‌ಬುಕ್ಕು. ಕಂಪ್ಯೂಟರಿದ್ದರೆ ಅದರಲ್ಲಿ ಆಡಾಸಿಟಿ ಹಾಕಿಕೊಳ್ಳಿ. ಧ್ವನಿ ಕತ್ತರಿಸಿ ಜೋಡಿಸುವ ತಂತ್ರಾಂಶ ಅದು, ಪುಕ್ಕಟೆ ಸಿಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ ನೀವು ಮಾತಾಡಲಿರುವ ಪುಸ್ತಕ ಕೈಯಲ್ಲಿರಬೇಕು. ನೆನಪಿನ ಮೇಲೆ ಕಾರ್ಯಕ್ರಮ ಮಾಡಬೇಡಿ. ಮೂವತ್ತು ವರ್ಷದ ಹಿಂದೆ ಓದಿದ ಕಾಮಿಕ್ಸ್ ನೆನಪಿನಲ್ಲಿ ಬಣ್ಣ ಬದಲಿಸಿಕೊಂಡಿರುತ್ತದೆ.

1. ಯಾವ ಕೇಂದ್ರ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ

ನಮ್ಮ ಭಾಗದಲ್ಲಿ ಎರಡು ದಾರಿಗಳಿವೆ. ಒಂದು ಧಾರವಾಡ ಆಕಾಶವಾಣಿ. 1950ರ ಜನವರಿ 8ರಂದು ಶುರುವಾದ ಕೇಂದ್ರ ಇದು. ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ ಗದಗ, ಹಾವೇರಿ ದಾಟಿ ದೂರದವರೆಗೆ ಕೇಳಿಸುತ್ತದೆ. ಇನ್ನೊಂದು ಸಮುದಾಯ ಬಾನುಲಿ, ಅಂದರೆ ಕಾಲೇಜು, ವಿಶ್ವವಿದ್ಯಾಲಯ ಅಥವಾ ಸೇವಾಸಂಸ್ಥೆ ಸುತ್ತಲಿನ ಜನರಿಗಾಗಿ ನಡೆಸುವ ಸಣ್ಣ ಎಫ್‌ಎಂ ಕೇಂದ್ರ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಇಂಥದ್ದೊಂದು ಇದೆ, ಹುಬ್ಬಳ್ಳಿಯಲ್ಲಿ ಕೆಎಲ್‌ಇ ಧ್ವನಿ ಇದೆ. ಇವುಗಳ ಪ್ರಸಾರ ಶಕ್ತಿಗೆ 100 ವ್ಯಾಟಿನ ಮಿತಿ ಹಾಕಿದ್ದಾರೆ. ಹತ್ತು ಕಿಲೋಮೀಟರಿನ ಆಸುಪಾಸು ಕೇಳಿಸುತ್ತದೆ, ಅಷ್ಟೇ. ಹುಬ್ಬಳ್ಳಿಯಲ್ಲಿ ಪ್ರಸಾರವಾಗಿದ್ದನ್ನು ಗದುಗಿನ ನಿಮ್ಮ ಸೋದರಮಾವ ಕೇಳಲಿಲ್ಲವೆಂದು ಬೇಜಾರು ಮಾಡಿಕೊಂಡರೆ ತಪ್ಪು ಕೇಂದ್ರದ್ದಲ್ಲ.

ಹೊಸಬರಿಗೆ ನಾನು ಹೇಳುವುದು ಸಮುದಾಯ ಬಾನುಲಿಯನ್ನೇ. ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯರು ಸೇರಿ ತಯಾರಿಸಿದ್ದಿರಬೇಕು ಎಂಬ ನಿಯಮ ಅವಕ್ಕಿದೆ, ಹಾಗಾಗಿ ಹೊಸ ಧ್ವನಿ ಅವರಿಗೂ ಬೇಕು. ಆಕಾಶವಾಣಿಗೆ ಹೋಗುವುದಾದರೆ ಸರಣಿ ಕೇಳಬೇಡಿ. ಒಂದು ಭಾಷಣ ಅಥವಾ ಒಂದು ಸಂದರ್ಶನ ಎಂದು ಕೇಳಿ. ವಯಸ್ಸು ಚಿಕ್ಕದಿದ್ದರೆ ಯುವವಾಣಿ ವಿಭಾಗ ಇದೆ. ಅಲ್ಲಿ ಬರಹ ಮುಂಚಿತವಾಗಿ ಕೊಡಬೇಕಾಗುತ್ತದೆ. ಅಂಗಡಿ, ಕಂಪನಿ ಹೆಸರುಗಳನ್ನು ಜಾಹೀರಾತಿನ ಹಾಗೆ ಹೇಳುವಂತಿಲ್ಲ.

ಇಲ್ಲೊಂದು ಎಚ್ಚರಿಕೆ. ಸಮುದಾಯ ಬಾನುಲಿ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ರಾಜಕೀಯವಂತೂ ಕೂಡದು. ನೀವು ಪತ್ರಿಕೆಯ ವ್ಯಂಗ್ಯಚಿತ್ರಕಾರರನ್ನು ಕರೆದಿರಿ ಎನ್ನಿ. ಅವರ ದಿನದ ಕಸುಬೇ ರಾಜಕೀಯ. ಗೆರೆಯ ಬಗ್ಗೆ, ಕೈಯ ಬಗ್ಗೆ, ಸಂಜೆಯೊಳಗೆ ಚಿತ್ರ ಮುಗಿಸಬೇಕಾದ ಒತ್ತಡದ ಬಗ್ಗೆ ಎಷ್ಟು ಬೇಕಾದರೂ ಮಾತಾಡಲಿ. ಈಗಿನ ಪಕ್ಷಗಳ ಜಗಳಕ್ಕೆ ಇಳಿದರೆ ಆ ತುಣುಕು ಪ್ರಸಾರಕ್ಕೆ ಹೋಗುವುದಿಲ್ಲ. ಇದನ್ನು ಅತಿಥಿಗೆ ಮೊದಲೇ ಹೇಳಿಬಿಡಿ. ಧ್ವನಿ ಮುದ್ರಣವಾದ ಮೇಲೆ ಹೇಳಿದರೆ ಅವರಿಗೂ ಸಿಟ್ಟು, ನಿಮಗೂ ಮುಜುಗರ.

2. ನಾಲ್ಕು ಕಂತಿನ ಯೋಜನೆ ಬರೆಯಿರಿ, ನಲವತ್ತರದ್ದಲ್ಲ

ಕೇಂದ್ರದವರಿಗೆ ಕೊಡುವ ಯೋಜನೆ ಒಂದೇ ಹಾಳೆಯದಾಗಿರಲಿ: ಕಾರ್ಯಕ್ರಮದ ಹೆಸರು, ಯಾರಿಗಾಗಿ, ಎಷ್ಟು ನಿಮಿಷ, ನಾಲ್ಕು ಕಂತುಗಳ ವಿಷಯ, ಅತಿಥಿ ಯಾರು. ‘ಕಾಮಿಕ್ಸ್ ಎಂದರೆ ಮಕ್ಕಳದ್ದಲ್ಲವೇ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ವಾದ ಬೇಡ, ಒಂದು ಒಳ್ಳೆಯ ವಿಷಯ ಸಾಕು.

ಉದಾಹರಣೆಗೆ ಅಮರ ಚಿತ್ರಕಥೆ. 1967ರಲ್ಲಿ ‘ಕೃಷ್ಣ’ ಬಂತು, ಚಿತ್ರ ರಾಮ್ ವಾಯೀರ್ಕರ್ ಅವರದು, ಹಿಂದಿದ್ದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಆ ಪುಸ್ತಕದ ಸರಣಿ ಸಂಖ್ಯೆ 11 ಏಕೆ? ಅದಕ್ಕಿಂತ ಮೊದಲಿನ ಹತ್ತು ಸಂಚಿಕೆಗಳು ಪಾಶ್ಚಾತ್ಯ ಅಜ್ಜಿಕಥೆಗಳು, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ 1965ರಲ್ಲಿ ಬಂದವು, ಬಂದದ್ದು ಕನ್ನಡದಲ್ಲಿ. ಒಂದು ಸಂಖ್ಯೆಯ ಹಿಂದೆ ಇಷ್ಟು ಕಥೆ ಇದ್ದರೆ ಅರ್ಧ ಗಂಟೆ ಸಾಲುವುದಿಲ್ಲ.

ಎರಡನೇ ಕಂತಿಗೆ ಬಾಲಮಂಗಳ ಎಂಬ ಮಕ್ಕಳ ಪತ್ರಿಕೆಯ ಡಿಂಗ. ಮಲಯಾಳದಲ್ಲಿ ‘ಡಿಂಕನ್’ ಆಗಿ ಹುಟ್ಟಿದ ಇಲಿ ನಮ್ಮಲ್ಲಿ ಡಿಂಗನಾಗಿ ಮನೆಮಾತಾಯಿತು. ಈಗ ನಲವತ್ತರ ಹರೆಯದಲ್ಲಿರುವ ಕೇಳುಗರಿಗೆ ಆ ಹೆಸರು ಹೇಳಿದರೇ ಸಾಕು. ಮೂರನೆಯದು ಸ್ಥಳೀಯವಾಗಿರಲಿ. ಗದುಗಿನ ವಿಜಯ ಕಲಾ ಮಂದಿರದಂಥ ಚಿತ್ರಶಾಲೆಗಳಲ್ಲಿ ಕಲಿತವರು ಸುತ್ತಮುತ್ತ ಸಿಗುತ್ತಾರೆ. ನಾಲ್ಕನೆಯದು ಈಗ ಕಾಮಿಕ್ಸ್ ಬರೆಯುತ್ತಿರುವ ಯಾರಾದರೂ ಯುವಕ ಯುವತಿಯರದು. ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲ ಕಂತಿಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದೂ ಹೆಚ್ಚಾಗಿ ಸಿನಿಮಾ ನೋಡಿ.

3. ಯಾರು ಏನು ಮಾಡಿದರು ಎಂಬುದನ್ನು ಬಿಡಿಸಿ ಬರೆದುಕೊಳ್ಳಿ

ಒಂದು ಕಾಮಿಕ್ಸ್ ಪುಟದಲ್ಲಿ ಐದಾರು ಜನರ ಕೈ ಇರಬಹುದು: ಕಥೆ ಬರೆದವರು, ಪೆನ್ಸಿಲಿನಲ್ಲಿ ಚಿತ್ರ ತೆಗೆದವರು, ಅದರ ಮೇಲೆ ಶಾಯಿ ಹಾಕಿದವರು, ಬಣ್ಣ ತುಂಬಿದವರು, ಅಕ್ಷರ ಬರೆದವರು. ಕನ್ನಡಕ್ಕೆ ಬಂದ ಕಾಮಿಕ್ಸ್ ಆದರೆ ಅನುವಾದಕರು ಬೇರೆ. ಇವರೆಲ್ಲರನ್ನೂ ‘ಕರ್ತೃ’ ಎಂದು ಒಂದೇ ಶಬ್ದದಲ್ಲಿ ಮುಗಿಸುವುದು ಹೊಸ ನಿರೂಪಕರು ಮಾಡುವ ದೊಡ್ಡ ತಪ್ಪು. ಬ್ಯಾಟ್‌ಮ್ಯಾನ್ 1939ರಲ್ಲಿ ಬಂದ. ದಶಕಗಳ ಕಾಲ ಅಧಿಕೃತವಾಗಿ ಹೆಸರಿದ್ದದ್ದು ಬಾಬ್ ಕೇನ್ ಒಬ್ಬರದೇ. ಆ ಪಾತ್ರದ ವೇಷ, ಕಥೆಗಳನ್ನು ರೂಪಿಸಿದ ಬಿಲ್ ಫಿಂಗರ್ ಹೆಸರು ಜೊತೆಗೆ ಸೇರಿದ್ದು 2015ರಲ್ಲಿ. ಫಿಂಗರ್ ತೀರಿಕೊಂಡು ಆಗ 41 ವರ್ಷ ಕಳೆದಿತ್ತು.

ನಮ್ಮ ಹಳೆಯ ಕನ್ನಡ ಸಂಚಿಕೆಗಳ ಕಷ್ಟ ಇನ್ನೊಂದು ಬಗೆಯದು. ಎಷ್ಟೋ ಸಂಚಿಕೆಗಳಲ್ಲಿ ಅನುವಾದಕರ ಹೆಸರೇ ಇರುವುದಿಲ್ಲ. ಅಂಥ ಕಡೆ ಊಹೆಯ ಹೆಸರು ಹೇಳಬೇಡಿ. ‘ಈ ಪುಸ್ತಕದಲ್ಲಿ ಅನುವಾದಕರ ಹೆಸರು ಹಾಕಿಲ್ಲ, ಗೊತ್ತಿದ್ದವರು ತಿಳಿಸಿ’ ಎಂದು ಪ್ರಸಾರದಲ್ಲೇ ಕೇಳಿ. ಉತ್ತರ ಬರುವುದುಂಟು.

ಪುಸ್ತಕ ಹುಡುಕಲು ರದ್ದಿ ಅಂಗಡಿಗಳೇ ಗತಿ. ಹುಬ್ಬಳ್ಳಿಯಲ್ಲಾದರೆ ಶಾಲಾ ಪರೀಕ್ಷೆ ಮುಗಿದ ವಾರ ಹೋಗಿ. ಮನೆ ಖಾಲಿ ಮಾಡುವವರು ಪಠ್ಯದ ಜೊತೆ ಹಳೆಯ ಬಾಲಮಂಗಳವನ್ನೂ ಕಿಲೋ ಲೆಕ್ಕದಲ್ಲಿ ಹಾಕಿರುತ್ತಾರೆ. ‘ಕಾಮಿಕ್ಸ್ ಐತೇನ್ರಿ?’ ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. ‘ಚಿತ್ರದ ಪುಸ್ತಕ’ ಎಂದು ಕೇಳಿ.

4. ಪುಟವನ್ನು ಮಾತಿನಲ್ಲಿ ತೋರಿಸುವುದನ್ನು ಅಭ್ಯಾಸ ಮಾಡಿ

ಉಳಿದೆಲ್ಲ ಹಂತಗಳಲ್ಲಿ ಎಡವಿದರೂ ನಡೆದೀತು. ಇದರಲ್ಲಿ ಎಡವಿದರೆ ಕೇಳುಗ ಸ್ಟೇಷನ್ ಬದಲಿಸುತ್ತಾನೆ.

ರೇಡಿಯೋದಲ್ಲಿ ಕಾಮಿಕ್ಸ್ ಹೇಳುವುದು ಹೊಸದೇನಲ್ಲ. 1945ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿದರು. ಆಗ ಮೇಯರ್ ಫಿಯೊರೆಲೊ ಲಗಾರ್ಡಿಯಾ ನಗರದ ರೇಡಿಯೋ ಕೇಂದ್ರದಲ್ಲಿ ಕುಳಿತು ಭಾನುವಾರದ ಕಾಮಿಕ್ಸ್‌ಗಳನ್ನು ಮಕ್ಕಳಿಗೆ ಓದಿ ಹೇಳಿದರು. ಬರೀ ಮಾತು ಓದಲಿಲ್ಲ. ಪಾತ್ರದ ಧ್ವನಿ ತೆಗೆದು, ಮುಂದೇನಾಯಿತೆಂದು ಕುತೂಹಲ ಎಬ್ಬಿಸಿ, ಅಭಿನಯಿಸಿ ಹೇಳಿದರು. ಇನ್ನೂ ಸೋಜಿಗದ್ದು, ಸೂಪರ್‌ಮ್ಯಾನನ ಶಕ್ತಿ ಕುಂದಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಮೊದಲು ಕೇಳಿಸಿಕೊಂಡದ್ದೇ 1943ರ ರೇಡಿಯೋ ಧಾರಾವಾಹಿಯಲ್ಲಿ. ಪುಸ್ತಕದ ಪುಟಕ್ಕೆ ಅದು ಬಂದದ್ದು ಆಮೇಲೆ.

ಈಗ ನಿಮ್ಮ ಕೈಲಿರುವ ಪುಟ. ನನ್ನ ಕಲ್ಪನೆಯದೇ ಒಂದನ್ನು ತೆಗೆದುಕೊಳ್ಳೋಣ. ಹೊಸಬರು ಹೀಗೆ ಹೇಳುತ್ತಾರೆ:

‘ಈ ಪುಟದಲ್ಲಿ ಒಬ್ಬ ಅಜ್ಜಿ ಬಸ್ಸಿಗೆ ಕಾಯುತ್ತಿದ್ದಾರೆ. ತುಂಬಾ ಚೆನ್ನಾಗಿ ಚಿತ್ರಿಸಿದ್ದಾರೆ. ಬಣ್ಣ ಅದ್ಭುತವಾಗಿದೆ.’

ಕೇಳುಗನಿಗೆ ಏನೂ ಕಾಣಲಿಲ್ಲ. ಇದನ್ನೇ ಹೀಗೆ ಹೇಳಿ ನೋಡಿ:

‘ಪುಟದಲ್ಲಿ ಆರು ಚೌಕಗಳಿವೆ, ಎರಡೆರಡರಂತೆ ಮೂರು ಸಾಲು. ಮೊದಲ ಐದರಲ್ಲೂ ಅದೇ ಬಸ್‌ಸ್ಟ್ಯಾಂಡು, ಅದೇ ಕಲ್ಲಿನ ಬೆಂಚು, ಅದೇ ಅಜ್ಜಿ, ಕಾಲ ಬಳಿ ಮೆಣಸಿನಕಾಯಿ ಚೀಲ. ಬದಲಾಗುವುದು ಅಜ್ಜಿಯ ನೆರಳು ಮಾತ್ರ. ಮೊದಲ ಚೌಕದಲ್ಲಿ ಎಡಕ್ಕೆ ಉದ್ದವಾಗಿ ಬಿದ್ದದ್ದು ಮೂರನೆಯದರಲ್ಲಿ ಕಾಲಡಿ ಸೇರುತ್ತದೆ, ಐದನೆಯದರಲ್ಲಿ ಬಲಕ್ಕೆ ಚಾಚುತ್ತದೆ. ಮಾತು ಒಂದೂ ಇಲ್ಲ. ಆರನೇ ಚೌಕದಲ್ಲಿ ಬಸ್ಸು ಬಂದು ನಿಂತಿದೆ. ಬೆಂಚು ಖಾಲಿ. ಚೀಲ ಅಲ್ಲೇ ಇದೆ.’

ಗಮನಿಸಿ, ಎರಡನೆಯದರಲ್ಲಿ ಒಂದೂ ಹೊಗಳಿಕೆ ಇಲ್ಲ. ನಾನು ಅನುಸರಿಸುವ ಕ್ರಮ ಇಷ್ಟು: ಮೊದಲು ಚೌಕ ಎಷ್ಟು, ಹೇಗೆ ಜೋಡಿಸಿದ್ದಾರೆ. ಆಮೇಲೆ ಎಲ್ಲ ಚೌಕಗಳಲ್ಲೂ ಬದಲಾಗದೆ ಇರುವುದು. ಆಮೇಲೆ ಬದಲಾಗುವುದು. ಕೊನೆಗೆ ಕಣ್ಣು ಎಲ್ಲಿ ನಿಲ್ಲುತ್ತದೆ. ಒಂದು ಪುಟಕ್ಕೆ ಒಂದೂವರೆ ನಿಮಿಷ ಮೀರಬಾರದು, ಒಂದು ಕಂತಿನಲ್ಲಿ ಎರಡು ಪುಟ ಮೀರಬಾರದು. ಪುಸ್ತಕವಿಡೀ ವರ್ಣಿಸಲು ಹೊರಟರೆ ಕೇಳುವವನು ದಣಿಯುತ್ತಾನೆ.

ಚೌಕ ಮತ್ತು ಚೌಕದ ನಡುವೆ ಒಂದು ಬಿಳಿ ಸಂದು ಇರುತ್ತದಲ್ಲ, ಅದಕ್ಕೆ ಕಾಮಿಕ್ಸ್ ಮಂದಿ ಗಟರ್ ಎನ್ನುತ್ತಾರೆ. ನಮ್ಮ ಕಡೆ ಗಟಾರ ಅಂದರೆ ಬೇರೆಯೇ, ಹಾಗಾಗಿ ನಾನು ‘ಸಂದು’ ಎಂದೇ ಹೇಳುವುದು. ಆ ಸಂದಿನಲ್ಲಿ ನಡೆದದ್ದನ್ನು ಓದುಗ ಊಹಿಸಿಕೊಳ್ಳುತ್ತಾನೆ. ಐದನೇ ಚೌಕಕ್ಕೂ ಆರಕ್ಕೂ ನಡುವೆ ಅಜ್ಜಿ ಎಲ್ಲಿ ಹೋದಳು? ರೇಡಿಯೋದಲ್ಲಿ ಸಂದನ್ನು ತೋರಿಸಲು ನಿಮಗಿರುವುದು ಮೌನ ಒಂದೇ. ‘ಬೆಂಚು ಖಾಲಿ’ ಎಂದ ಮೇಲೆ ಎರಡು ಎಣಿಸುವಷ್ಟು ಹೊತ್ತು ಸುಮ್ಮನಿರಿ, ಆಮೇಲೆ ‘ಚೀಲ ಅಲ್ಲೇ ಇದೆ’ ಎನ್ನಿ. ಹೊಸಬರಿಗೆ ಈ ಮೌನ ಭಯ ಹುಟ್ಟಿಸುತ್ತದೆ, ಏನಾದರೂ ಮಾತು ತುರುಕುತ್ತಾರೆ. ತುರುಕಬೇಡಿ.

ಅಭ್ಯಾಸಕ್ಕೆ ಮನೆಯಲ್ಲಿ ಒಬ್ಬರನ್ನು ಎದುರು ಕೂರಿಸಿಕೊಂಡು, ಪುಸ್ತಕ ಅವರಿಗೆ ಕಾಣದಂತೆ ಹಿಡಿದು ಹೇಳಿ. ಅವರು ಕೇಳಿಸಿಕೊಂಡದ್ದನ್ನು ಪೆನ್ಸಿಲಿನಲ್ಲಿ ಒರಟಾಗಿ ಚಿತ್ರಿಸಲಿ. ಚೌಕಗಳ ಜಾಗ ಸರಿ ಬಂದರೆ ನಿಮ್ಮ ವರ್ಣನೆ ಸರಿ ಇದೆ.

5. ಹಕ್ಕು, ಅನುಮತಿ

ವಿಮರ್ಶೆ, ಚರ್ಚೆಗಾಗಿ ಕೃತಿಯ ಸಣ್ಣ ಭಾಗ ಬಳಸಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಇಡೀ ಕಥೆಯನ್ನು ಓದಿ ನಾಟಕದಂತೆ ಆಡಿಸುವುದು ಅದರೊಳಗೆ ಬರುವುದಿಲ್ಲ. ಅದಕ್ಕೆ ಬರಹದಲ್ಲಿ ಅನುಮತಿ ಬೇಕು. ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಆರ್.ಕೆ. ಲಕ್ಷ್ಮಣ್ 2015ರಲ್ಲಿ ತೀರಿಕೊಂಡರು. 2075 ಮುಗಿಯುವವರೆಗೆ ಅವರ ಚಿತ್ರ ‘ಹಳೆಯದು, ಯಾರು ಕೇಳ್ತಾರೆ’ ಎಂಬ ಸಾಲಿಗೆ ಸೇರುವುದಿಲ್ಲ. ಹಕ್ಕು ಚಿತ್ರಕಾರರ ಬದಲು ಪ್ರಕಾಶಕರ ಹತ್ತಿರವೂ ಇರಬಹುದು, ಕೇಳಿಕೊಳ್ಳಿ. ಸಿಗ್ನೇಚರ್ ಟ್ಯೂನಿಗೆ, ಅಂದರೆ ಪ್ರತಿ ಕಂತಿನ ಆರಂಭದ ಸಂಗೀತಕ್ಕೆ, ಸಿನಿಮಾ ಹಾಡು ಬೇಡ. ಗೊತ್ತಿರುವ ಹಾರ್ಮೋನಿಯಂ ಮಾಸ್ತರರಿಂದ ಹದಿನೈದು ಸೆಕೆಂಡ್ ನುಡಿಸಿಕೊಳ್ಳಿ. ಧಾರವಾಡದಲ್ಲಿದ್ದುಕೊಂಡು ಸಂಗೀತಕ್ಕೆ ಬರಗಾಲವೇ?

6. ಪ್ರಶ್ನೆಗಳು ಕೈಯ ಬಗ್ಗೆ ಇರಲಿ

‘ನಿಮಗೆ ಸ್ಫೂರ್ತಿ ಯಾರು?’, ‘ಈ ಕ್ಷೇತ್ರಕ್ಕೆ ಹೇಗೆ ಬಂದಿರಿ?’, ‘ಯುವಜನರಿಗೆ ನಿಮ್ಮ ಸಂದೇಶ?’ ಈ ಮೂರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದು ಹೊಡೆದುಹಾಕಿ. ಇವಕ್ಕೆ ಅತಿಥಿಗಳ ಬಳಿ ಸಿದ್ಧ ಉತ್ತರ ಇರುತ್ತದೆ, ಆ ಉತ್ತರ ಎಲ್ಲರದೂ ಒಂದೇ.

ಬದಲಿಗೆ ಕೇಳಿ: ಮಾತು ಮೊದಲು ಬರುತ್ತದೋ ಚಿತ್ರವೋ? ಒಂದು ಪುಟಕ್ಕೆ ಎಷ್ಟು ದಿನ? ನಿಬ್ಬೋ, ಬ್ರಷ್ಷೋ, ಟ್ಯಾಬ್ಲೆಟ್ಟೋ? ಮೊದಲ ಸಲ ದುಡ್ಡು ಬಂದ ಚಿತ್ರ ಯಾವುದು, ಎಷ್ಟು ಬಂತು? ಸಂಪಾದಕರು ವಾಪಸ್ ಕಳಿಸಿದ ಪುಟದಲ್ಲಿ ಏನಿತ್ತು? ನಮ್ಮ ಭಾಷೆಯಲ್ಲೇ ಕೇಳಿ: ‘ಈ ಮಾರಿ ಎಷ್ಟು ಸಲ ಅಳಿಸಿ ತಗದ್ರಿ, ಸರ?’ ಗ್ರಾಂಥಿಕ ಕನ್ನಡದಲ್ಲಿ ಬಿಗಿದು ಕುಳಿತ ಅತಿಥಿಯೂ ಇದಕ್ಕೆ ನಕ್ಕು ಸಡಿಲಾಗುತ್ತಾರೆ.

ಕನ್ನಡ ಕಾಮಿಕ್ಸ್‌ಗೇ ವಿಶೇಷವಾದ ಒಂದು ಪ್ರಶ್ನೆ ಇದೆ, ಯಾರೂ ಕೇಳುವುದಿಲ್ಲ. ಬಲೂನು, ಅಂದರೆ ಪಾತ್ರದ ಬಾಯಿಂದ ಹೊರಟ ಮಾತಿನ ಗುಳ್ಳೆ. ಬೇರೆ ಭಾಷೆಯಲ್ಲಿ ಮೊದಲು ತಯಾರಾದ ಕಾಮಿಕ್ಸ್‌ನಲ್ಲಿ ಗುಳ್ಳೆಯ ಅಳತೆ ಆ ಭಾಷೆಗೆ ತಕ್ಕಂತಿರುತ್ತದೆ. ನಮ್ಮ ಶಬ್ದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ. ಜೊತೆಗೆ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲು ಸಾಲಿನ ನಡುವೆ ಜಾಗ ಬೇಕು. ‘ಹೋಗುತ್ತಿದ್ದೇನೆ’ ಎಂದು ಬರೆಯಲು ಹೋದರೆ ಪಾತ್ರದ ಕಿವಿ ಮುಚ್ಚುತ್ತದೆ. ‘ಹೊಂಟೆ’ ಅಂದರೆ ಮುಗಿಯಿತು. ಹಾಗಾದರೆ ಆಡುಮಾತು ಕಾಮಿಕ್ಸ್‌ಗೆ ಬರುವುದು ರುಚಿಯಿಂದಲೋ, ಜಾಗ ಸಾಲದ್ದರಿಂದಲೋ? ಅಕ್ಷರ ಬರೆದ ಅನುಭವ ಇರುವವರನ್ನು ಇದನ್ನು ಕೇಳಿ ಸುಮ್ಮನೆ ಕೂತುಬಿಡಿ. ಹತ್ತು ನಿಮಿಷ ಅವರೇ ಮಾತಾಡುತ್ತಾರೆ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನನ್ನ ಮೊದಲ ಸಂದರ್ಶನದಲ್ಲಿ ಅತಿಥಿ ಪುಟದ ಮೇಲೆ ಬೆರಳಿಟ್ಟು ‘ನೋಡ್ರಿ, ಇಲ್ಲಿ ಹಿಂಗ್ ಮಾಡೀನಿ, ಆಮ್ಯಾಲೆ ಇಲ್ಲಿ ಹಿಂಗ’ ಎಂದು ಸೊಗಸಾಗಿ ವಿವರಿಸುತ್ತ ಹೋದರು. ನಾನು ‘ಓಹೋ, ಹೌದಲ್ಲ’ ಎಂದು ತಲೆಯಾಡಿಸುತ್ತ ಕೂತೆ. ಮನೆಗೆ ಬಂದು ಕೇಳಿದರೆ ನಾಲ್ಕು ನಿಮಿಷ ಬರೀ ‘ಇಲ್ಲಿ’, ‘ಹಿಂಗ’. ಎಲ್ಲ ಕತ್ತರಿಸಬೇಕಾಯಿತು. ಅತಿಥಿ ಬೆರಳು ತೋರಿಸಿದ ತಕ್ಷಣ ನೀವು ಮಾತಾಗಿಸಬೇಕು: ‘ಇಲ್ಲಿ ಅಂದ್ರ ಹುಡುಗನ ಹುಬ್ಬಿನ ಹತ್ರ, ಗೆರಿ ಎರಡು ತುಂಡಾಗೇತಿ, ಅಲ್ರಿ?’ ನಿರೂಪಕನ ಮುಖ್ಯ ಕೆಲಸ ಇದೇ.

7. ಮುದ್ರಣದ ದಿನ

ಸ್ಟುಡಿಯೋ ಸಿಕ್ಕರೆ ಅಲ್ಲಿನ ತಂತ್ರಜ್ಞರು ನೋಡಿಕೊಳ್ಳುತ್ತಾರೆ. ಮನೆಯಲ್ಲಾದರೆ ಫ್ಯಾನು ಬಂದ್, ಫ್ರಿಜ್ ಇರುವ ಕೋಣೆ ಬೇಡ, ಅಡುಗೆಮನೆಗೆ ‘ಕುಕ್ಕರ್ ಇಡಬ್ಯಾಡ್ರಿ’ ಎಂದು ಮುಂಚಿತ ಅರಿಕೆ. ಧಾರವಾಡದ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂರಲೇಬೇಡಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಇಲ್ಲದಿದ್ದರೆ ಪುಟ ತಿರುವುವ ಸದ್ದು, ಬಳೆಯ ಸದ್ದು ಎಲ್ಲ ದಾಖಲಾಗುತ್ತದೆ. (ಪುಟ ತಿರುವುವ ಸದ್ದನ್ನು ಒಂದು ಸಲ ಬೇಕೆಂದೇ ಸೇರಿಸಿ, ಚಲೋ ಅನ್ನಿಸುತ್ತದೆ.)

ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇರಲಿ. ನೇರ ಹಿಡಿದರೆ ಫ, ಭ, ಥ ಬಂದಾಗಲೆಲ್ಲ ಗಾಳಿ ಬಡಿದು ‘ಢಬ್’ ಎನ್ನುತ್ತದೆ. ಮಾತು ಶುರು ಮಾಡುವ ಮೊದಲು ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಕೋಣೆಯ ಖಾಲಿ ಸದ್ದನ್ನು ಮುದ್ರಿಸಿಕೊಳ್ಳಿ. ಆಮೇಲೆ ಕತ್ತರಿಸಿದ ಜಾಗ ತುಂಬಲು, ಗೊಂಯ್‌ಗುಡುವ ಸದ್ದು ತೆಗೆಯಲು ಅದು ಬೇಕಾಗುತ್ತದೆ.

ಅತಿಥಿ ಬೆಂಗಳೂರಿನಲ್ಲಿದ್ದರೆ ಫೋನ್ ಕರೆಯನ್ನೇ ಮುದ್ರಿಸಬೇಡಿ, ಧ್ವನಿ ಡಬ್ಬಿಯೊಳಗಿಂದ ಬಂದಂತಿರುತ್ತದೆ. ಅವರು ಒಂದು ಫೋನಿನಲ್ಲಿ ನಿಮ್ಮೊಡನೆ ಮಾತಾಡಲಿ, ಇನ್ನೊಂದು ಫೋನಿನಲ್ಲಿ ತಮ್ಮ ಧ್ವನಿ ತಾವೇ ಮುದ್ರಿಸಿಕೊಳ್ಳಲಿ. ನೀವೂ ಹಾಗೆಯೇ. ಮುದ್ರಣ ಶುರುವಾದ ಮೇಲೆ ‘ಒಂದು, ಎರಡು, ಮೂರು’ ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಒಂದು ಚಪ್ಪಾಳೆ ಹೊಡೆಯಿರಿ. ಎರಡು ಫೈಲುಗಳನ್ನು ಹೊಂದಿಸುವಾಗ ಆ ಚಪ್ಪಾಳೆಯೇ ಗುರುತು. ಫೈಲನ್ನು ವಾಟ್ಸ್ಆ್ಯಪ್ ಧ್ವನಿ ಸಂದೇಶವಾಗಿ ಕಳಿಸಿದರೆ ಗುಣಮಟ್ಟ ಹಾಳಾಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಸಾಧ್ಯವಿದ್ದರೆ ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲಾಗಿ ಮುದ್ರಿಸಿ, ಸೆಟ್ಟಿಂಗಿನಲ್ಲಿ 44.1 ಕಿಲೋಹರ್ಟ್ಸ್ ಆರಿಸಿಕೊಳ್ಳಿ.

8. ಅರ್ಧ ಗಂಟೆ ಎಂದರೆ ಅರ್ಧ ಗಂಟೆಯಲ್ಲ

ಉದ್ಘೋಷಣೆ, ಟ್ಯೂನು ಕಳೆದರೆ ನಿಮಗೆ ಉಳಿಯುವುದು 27 ನಿಮಿಷ ಎಂದು ಲೆಕ್ಕ ಹಿಡಿಯಿರಿ. ಮುದ್ರಿಸುವುದು 45 ನಿಮಿಷ ಮೀರಬಾರದು. ಎರಡು ತಾಸು ಮಾತಾಡಿಸಿ ಆಮೇಲೆ ಕತ್ತರಿಸುತ್ತೇನೆ ಎಂದವರು ಎರಡನೇ ಕಂತಿಗೇ ಕೈಬಿಟ್ಟದ್ದನ್ನು ನೋಡಿದ್ದೇನೆ. ನನ್ನ ಹಂಚಿಕೆ: ಹೆಸರು ಹೇಳುವ ಮುಂಚೆಯೇ ನೇರವಾಗಿ ಪುಟದ ವರ್ಣನೆ, ಒಂದೂವರೆ ನಿಮಿಷ. ಆಮೇಲೆ ಅತಿಥಿಯ ಪರಿಚಯ, ನಾಲ್ಕೇ ವಾಕ್ಯ, ಪ್ರಶಸ್ತಿಗಳ ಪಟ್ಟಿ ಬೇಡ. ಹತ್ತು ನಿಮಿಷ ಮಾತು. ನಡುವೆ ಎರಡನೇ ಪುಟ, ಈ ಸಲ ಇಬ್ಬರು ಮೂವರ ಧ್ವನಿಯಲ್ಲಿ. ಮತ್ತೆ ಹತ್ತು ನಿಮಿಷ. ಕೊನೆಗೆ ಹಿಂದಿನ ಕಂತಿಗೆ ಬಂದ ಕೇಳುಗರ ಮಾತು. ಪುಸ್ತಕದ ಹೆಸರು, ಚಿತ್ರಕಾರರ ಹೆಸರುಗಳನ್ನು ಮೂರು ಸಲವಾದರೂ ಹೇಳಿ. ನಡುವೆ ಸ್ಟೇಷನ್ ತಿರುವಿ ಬಂದವರಿಗೆ ನೀವು ಯಾರ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಗೊತ್ತಿರುವುದಿಲ್ಲ.

ಕತ್ತರಿಸುವಾಗ ಅತಿಥಿಯ ‘ಅಂದ್ರ’, ‘ಏನಪಾ ಅಂದ್ರ’ ಎಲ್ಲವನ್ನೂ ತೆಗೆಯಬೇಡಿ. ತೆಗೆದರೆ ಮನುಷ್ಯ ಸುದ್ದಿ ಓದಿದಂತಾಗುತ್ತದೆ. ಉಸಿರನ್ನೂ ಬಿಡಿ. ಅರ್ಥ ಬದಲಾಗುವಂತೆ ವಾಕ್ಯದ ನಡುವೆ ಕತ್ತರಿ ಹಾಕುವುದು ಮಾತ್ರ ಕೂಡದು.

9. ಪ್ರಸಾರ ಆದ ಮೇಲೆ

ವರ್ಣಿಸಿದ ಪುಟದ ಫೋಟೋವನ್ನು ಕೇಳುಗರ ವಾಟ್ಸ್ಆ್ಯಪ್ ಗುಂಪಿಗೆ ಪ್ರಸಾರಕ್ಕೆ ಮುಂಚೆ ಹಾಕಬೇಡಿ, ಆಮೇಲೆ ಹಾಕಿ. ತಾವು ಮನಸ್ಸಿನಲ್ಲಿ ಕಂಡ ಅಜ್ಜಿಗೂ ಪುಟದ ಮೇಲಿನ ಅಜ್ಜಿಗೂ ಎಷ್ಟು ವ್ಯತ್ಯಾಸ ಎಂದು ಅವರೇ ಬರೆಯುತ್ತಾರೆ, ಮುಂದಿನ ಕಂತಿನ ಕೊನೆಯ ಮೂರು ನಿಮಿಷಕ್ಕೆ ಅದೇ ಸಾಮಗ್ರಿ. ಫೋಟೋ ಹಾಕಲೂ ಚಿತ್ರಕಾರರನ್ನು ಕೇಳಿಯೇ ಹಾಕಿ, ರೇಡಿಯೋಗೆ ಕೊಟ್ಟ ಒಪ್ಪಿಗೆ ಅದಕ್ಕೂ ಸೇರಿತೆಂದು ತಿಳಿಯಬೇಡಿ.

ಮೂಲ ಮುದ್ರಣವನ್ನು ಎರಡು ಕಡೆ ಇಡಿ, ಫೈಲಿಗೆ ದಿನಾಂಕ ಮತ್ತು ಅತಿಥಿಯ ಹೆಸರು ಹಾಕಿ. ‘ನ್ಯೂ ರೆಕಾರ್ಡಿಂಗ್ 14’ ಎಂಬ ಫೈಲಿನಲ್ಲಿ ಯಾರಿದ್ದಾರೆಂದು ಮುಂದಿನ ವರ್ಷ ನಿಮಗೇ ತಿಳಿಯುವುದಿಲ್ಲ. ಎರವಲು ತಂದ ಕಾಮಿಕ್ಸ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆ ವಾರವೇ ವಾಪಸ್ ಮುಟ್ಟಿಸಿ. ಮುಂದಿನ ಕಂತಿಗೆ ಮತ್ತೆ ಅವರ ಬಾಗಿಲಿಗೇ ಹೋಗಬೇಕು.